ಸೇತುವೆಯ ನೆತ್ತಿಯಲ್ಲಿ ಸಿಕ್ಕವರು

ಗಿಲ್ದೊ ಬುಸೆತ್ತೊನಿಗೆ ಎಲ್ಲರ ಹಾಗೆ ಮೊಣಕಾಲು ಎರಡೇ. ಎರಡೂ ಹೋಗಿದ್ದವು.

ಬೇರೆ ಊರಿನಲ್ಲಾಗಿದ್ದರೆ ಇದು ಬರೀ ಒಂದು ಕಾಯಿಲೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಹೇಳಿಕೊಂಡು, ಕಾಲ ತಳ್ಳಬಹುದು. ವೆನಿಸ್ಸಿನಲ್ಲಿ ಹಾಗೆ ನಡೆಯುವುದಿಲ್ಲ. ಇಲ್ಲಿ ಬ್ರೆಡ್ಡು ತರಲು ಒಂದು ಸೇತುವೆ, ಹಲ್ಲು ಕೀಳಿಸಲು ನಾಲ್ಕು ಸೇತುವೆ. ಮೆಚ್ಚಿದ ಹುಡುಗಿ ಊರಿನ ಆ ಕೊನೆಯಲ್ಲಿದ್ದರಂತೂ ಲೆಕ್ಕ ಇಡಲೇಬಾರದು. ಎಷ್ಟು ದೂರ ಎಂದು ಕೇಳಿದರೆ ಇಲ್ಲಿಯವರು ಮೀಟರು ಹೇಳುವುದಿಲ್ಲ, ಸೇತುವೆ ಹೇಳುತ್ತಾರೆ. ಪ್ರತಿಯೊಂದಕ್ಕೂ ಹತ್ತುವ ಮೆಟ್ಟಿಲು, ಇಳಿಯುವ ಮೆಟ್ಟಿಲು. ಕಟ್ಟಿಸಿದ ಪುಣ್ಯಾತ್ಮರು ಯಾರೂ ಕಾಲುನೋವಿನವರಾಗಿರಲಿಲ್ಲ ಎಂದು ಕಾಣುತ್ತದೆ.

ಆ ಮೊಣಕಾಲುಗಳು ತಾವಾಗಿ ಹೋದವಲ್ಲ, ಊರೇ ತಿಂದದ್ದು. ಗಿಲ್ದೊ ಕೈಗಾಡಿಯವನು. ಈ ಊರೊಳಗೆ ಲಾರಿ ಬರುವುದಿಲ್ಲ; ದೋಣಿಯಲ್ಲಿ ಬಂದ ಸಾಮಾನನ್ನು ದಡದಿಂದ ಮನೆಬಾಗಿಲಿಗೆ ಯಾರಾದರೂ ಎಳೆಯಲೇಬೇಕು. ಮೀಸೆ ಮೂಡಿದಂದಿನಿಂದ ಪಿಂಚಣಿ ಬರುವವರೆಗೆ ಗಿಲ್ದೊ ಎಳೆದ. ಮಂಚ, ಫ್ರಿಜ್ಜು, ಸ್ನಾನದ ತೊಟ್ಟಿ, ಒಮ್ಮೆ ಒಂದು ಪಿಯಾನೊ, ಅದೇ ದಿನ ಸಂಜೆ ಅದೇ ಪಿಯಾನೊ ವಾಪಸ್ಸು, ಯಾಕೆಂದರೆ ಕೊಂಡವರು ಬಾಗಿಲ ಅಗಲ ನೋಡಿಕೊಂಡಿರಲಿಲ್ಲ. ಸೇತುವೆ ಬಂದಾಗ ಗಾಡಿಯ ಹಿಡಿಯನ್ನು ಎದೆಗೆ ಒತ್ತಿಕೊಂಡು, ಒಂದೊಂದೇ ಮೆಟ್ಟಿಲಿಗೆ ಚಕ್ರ ಎಗರಿಸಬೇಕು. "ಕಾಲು! ಕಾಲು ನೋಡ್ಕೊಳ್ರೀ!" ಎಂದು ಕೂಗುತ್ತಲೇ ಇರಬೇಕು. ಒಂದು ದಿನ ಕೂಗು ಸ್ವಲ್ಪ ತಡವಾಗಿ ಚಕ್ರ ಒಬ್ಬ ಹುಡುಗಿಯ ಹಿಮ್ಮಡಿಗೆ ಬಡಿಯಿತು. ಆಕೆ ತಿರುಗಿ ನಿಂತು ಇವನನ್ನು, ಇವನ ಅಪ್ಪನನ್ನು, ಗಾಡಿ ಮಾಡಿದ ಬಡಗಿಯನ್ನು ಒಟ್ಟಿಗೆ ಸೇರಿಸಿ ಬೈದಳು. ಹೆಸರು ಅರ್ಮಿದ. ಗಿಲ್ದೊ ಅವಳನ್ನೇ ಕಟ್ಟಿಕೊಂಡ. ಬೈಗುಳ ಅವಳು ತೀರಿಕೊಳ್ಳುವವರೆಗೂ ನಿಲ್ಲಲಿಲ್ಲ. ಆಮೇಲೆ ಮನೆ ಬಿಕೋ ಎನ್ನತೊಡಗಿತು.

ಅಲ್ಲಿಂದಾಚೆಗೆ ಅವನ ಪಾಲಿಗೆ ಉಳಿದದ್ದು ಸುತ್ತು. ಸುತ್ತು ಎಂದರೆ ಊಟಕ್ಕೆ ಮುಂಚೆ ಗೆಳೆಯರು ಕೂಡಿ ಊರು ಅಲೆಯುವುದು. ಒಂದು ಗಡಂಗಿನಲ್ಲಿ ಒಂದು 'ನೆರಳು' ಕುಡಿಯುವುದು. ಪುಟ್ಟ ಲೋಟದ ವೈನಿಗೆ ಇಲ್ಲಿ ನೆರಳು ಎನ್ನುತ್ತಾರೆ. ಯಾಕೆಂದು ಕೇಳಿದರೆ ಒಬ್ಬೊಬ್ಬ ಒಂದೊಂದು ಕಥೆ ಹೇಳುತ್ತಾನೆ, ಕೇಳದಿರುವುದೇ ವಾಸಿ. ಜೊತೆಗೆ ಈರುಳ್ಳಿ ವಿನಿಗರಿನಲ್ಲಿ ನೆನೆದ ಬೂತಾಯಿ ಮೀನಿನದೋ, ಅರೆದ ಒಣಮೀನು ಸವರಿದ, ಮುಸುಕಿನ ಜೋಳದ ಹಿಟ್ಟು ಬೇಯಿಸಿ ಕೊಯ್ದ ತುಂಡಿನದೋ ಒಂದು ತುತ್ತು. ಮತ್ತೆ ನಡೆದು ಮುಂದಿನ ಗಡಂಗು. ಎಲ್ಲವೂ ನಿಂತೇ. ಕುರ್ಚಿಗಳಿರುವುದು ಪರದೇಶದವರಿಗೆ, ಊರಿನವನು ಕೂತದ್ದನ್ನು ಕಂಡರೆ, ಸಾಯುವ ಕಾಲ ಬಂತೆಂದು ಸಂಜೆಯೊಳಗೆ ಮನೆಗೆ ಪಾದ್ರಿಯನ್ನು ಕಳಿಸುತ್ತಾರೆ.

ಸುತ್ತಿಗೆ ಜೊತೆಯಾದವರು ಇಬ್ಬರು. ನೇರಿಯೊ ನೀರಬಸ್ಸಿನಲ್ಲಿ ಹಗ್ಗದವನಾಗಿದ್ದ. ನಿಲ್ದಾಣ ಬಂದಾಗ ಹಗ್ಗ ಎಸೆದು ದೋಣಿಯನ್ನು ಬಿಗಿಯುವುದು ಅವನ ಕೆಲಸ. ಈಗಲೂ ಆ ಕೈ ಸುಮ್ಮನಿರುವುದಿಲ್ಲ, ಚೀಲದ ದಾರವೋ ಕೊರಳ ಮಫ್ಲರೋ, ಸಿಕ್ಕಿದ್ದಕ್ಕೆ ಗಂಟು ಹಾಕುತ್ತಿರುತ್ತದೆ. ಇನ್ನೊಬ್ಬಳು ಬ್ರೂನ, ರಿಯಾಲ್ತೊ ಮೀನುಮಾರುಕಟ್ಟೆಯಲ್ಲಿ ಬೊಂಡಾಸು, ಏಡಿ ಮಾರಿದವಳು. ಅವಳು ಗುಟ್ಟು ಹೇಳಿದರೆ ಎದುರು ದಡದವರು ಉತ್ತರ ಕೊಡುತ್ತಾರೆ.

ಜನವರಿಯಲ್ಲಿ ಒಂದು ಬೆಳಗ್ಗೆ ಗಿಲ್ದೊ ಸುತ್ತಿಗೆ ಬರಲಿಲ್ಲ. ಬ್ರೂನ ಹುಡುಕಿಕೊಂಡು ಹೋದಳು. ಅವನ ಮನೆ ಮೂರನೆಯ ಅಂತಸ್ತಿನಲ್ಲಿ. ಮೊದಲ ಮತ್ತು ಎರಡನೆಯ ಅಂತಸ್ತಿನ ನಡುವೆ ಅವನು ಬಿದ್ದುಕೊಂಡಿದ್ದ. ಉಳಿದ ಮನೆಗಳನ್ನೆಲ್ಲ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟಿದ್ದರು, ಅವತ್ತು ಪ್ರವಾಸಿಗರೂ ಇಲ್ಲದೆ ಕಟ್ಟಡದಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಎಷ್ಟೊತ್ತಿಂದ ಬಿದ್ದಿದೀಯೋ?" ಎಂದಳು ಬ್ರೂನ.

"ಬಿದ್ದಿಲ್ಲ. ಸ್ವಲ್ಪ ಹೊತ್ತು ಹೀಗಿರೋಣ ಅಂತ."

"ಮುಖ ನೋಡು, ಸುಣ್ಣ ಬಳಿದ ಹಾಗಿದೆ. ಇವಾನಗೆ ಫೋನ್ ಮಾಡ್ತೀನಿ."

"ಮಾಡಿದ್ರೆ ನಿನ್ನ ಮುಖ ನೋಡಲ್ಲ ನಾನು, ಈಗಲೇ ಹೇಳಿದೀನಿ."

ಇವಾನ ಎಂದರೆ ಅವನ ಒಬ್ಬಳೇ ಮಗಳು. ಮೆಸ್ತ್ರೆಯಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ. ಮೆಸ್ತ್ರೆ ಹಿನ್ನೀರಿನಾಚೆಯ ನೆಲದ ಊರು, ಉದ್ದ ಸೇತುವೆ ದಾಟಿ ಬಸ್ಸಿನಲ್ಲಿ ಹೋದರೆ ಒಂದು ಸಿಗರೇಟು ಸೇದುವಷ್ಟು ದೂರ. ಬಾಡಿಗೆ ಕಟ್ಟಲಾಗದವರು, ಮದುವೆಯಾದವರು, ಮಕ್ಕಳಾದವರು ಎಲ್ಲ ಅಲ್ಲಿಗೇ ಹೋದರು. ಅಲ್ಲಿ ಲಿಫ್ಟಿದೆ, ಕಾರಿದೆ, ರಸ್ತೆ ಚಪ್ಪಟೆಯಾಗಿದೆ. ಗಿಲ್ದೊ ಮಾತ್ರ ಆ ಹೆಸರನ್ನು ಆಸ್ಪತ್ರೆಯ ವಾರ್ಡಿನ ಹೆಸರಿನಂತೆ ದನಿ ತಗ್ಗಿಸಿ ಹೇಳುತ್ತಿದ್ದ. ಬಿದ್ದ ಸುದ್ದಿ ಅಲ್ಲಿಗೆ ಮುಟ್ಟಬಾರದೆಂದು ಮೂವರೂ ಮಾತಾಡಿಕೊಂಡರು.

ಹಾಗಿದ್ದೂ ಫೆಬ್ರವರಿಯಲ್ಲಿ ಇವಾನ ಬಂದು, ಕೋಟು ಕೂಡ ಬಿಚ್ಚದೆ, ಅಡುಗೆಮನೆಯಲ್ಲಿ ನಿಂತು ಹೇಳಿದಳು: "ಅಪ್ಪ, ನಮ್ಮ ಕಟ್ಟಡದಲ್ಲೇ ಒಂದು ಮನೆ ಖಾಲಿಯಾಗಿದೆ. ಲಿಫ್ಟಿದೆ. ಬಂದ್ಬಿಡು."

"ನನಗೇನಾಗಿದೆ?"

"ಕರ್ಪೂರದ ಮುಲಾಮು ಮೆಟ್ಟಿಲ ಕೆಳಗಡೆವರೆಗೂ ವಾಸನೆ ಹೊಡೀತಿದೆ."

"ಅದು ಪಕ್ಕದ ಮನೆಯವರದು."

"ಪಕ್ಕದ ಮನೇಲಿ ಕೊರಿಯಾದವರಿದಾರೆ ಅಪ್ಪ, ಇಪ್ಪತ್ತು ವರ್ಷದ ಹುಡುಗೀರು."

ಮಾತಿಗೆ ಮಾತು ಬೆಳೆಯಿತು. ಗಿಲ್ದೊ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನಾನು ಇವತ್ತಿಗೂ ಪೂರ್ತಿ ಸುತ್ತು ಹೋಗಿ ಬರುತ್ತೇನೆ, ಬೇಕಾದರೆ ಬಂದು ನೋಡು ಎಂದುಬಿಟ್ಟ. ಬಾಯಿಂದ ಬಿದ್ದ ಮಾತನ್ನು ಇವಾನ ಗಪ್ಪೆಂದು ಹಿಡಿದಳು.

"ಸರಿ. ಶನಿವಾರ ನಾನೂ ಬರ್ತೀನಿ. ಮೊದಲು ಹೇಗೆ ಹೋಗ್ತಿದ್ರೋ ಹಾಗೇ, ಮೀನುಮಾರುಕಟ್ಟೆ ದಾಟಿ ಕೊನೇ ಗಡಂಗಿನವರೆಗೂ. ಕೂರಬಾರದು. ಸುಸ್ತು ಅಂತ ದಾರೀಲಿ ನಿಲ್ಲಬಾರದು. ಹೋಗಿ ಮುಟ್ಟಿದ್ರೆ ಮೆಸ್ತ್ರೆ ಅನ್ನೋ ಮಾತು ನನ್ನ ಬಾಯಲ್ಲಿ ಮತ್ತೆ ಬರಲ್ಲ. ನಿಂತ್ರೆ, ಕೂತ್ರೆ, ಪೆಟ್ಟಿಗೆ ಕಟ್ಟು."

"ಆಗ್ಲಿ," ಎಂದ ಗಿಲ್ದೊ. ಅವಳು ಹೋದ ಮೇಲೆ ಮೇಜು ಹಿಡಿದುಕೊಂಡು ಬಹಳ ಹೊತ್ತು ನಿಂತೇ ಇದ್ದ, ಯಾಕೆಂದರೆ ಕೂತರೆ ಏಳಲು ಇನ್ನಷ್ಟು ಹೊತ್ತಾಗುತ್ತಿತ್ತು.

ಮಾರನೆಯ ದಿನ ಬ್ರೂನಳ ಮನೆಯಲ್ಲಿ ಸಭೆ ಸೇರಿತು. ನೇರಿಯೊ ತಲೆಯ ಮೇಲೆ ಕೈಹೊತ್ತು ಕೂತ. ಪೂರ್ತಿ ಸುತ್ತು ಹೋಗಿ ಆಗಲೇ ಒಂದು ವರ್ಷವಾಗಿತ್ತು. ಇತ್ತೀಚೆಗೆ ಅವರ ಸುತ್ತು ಎಂದರೆ ಮನೆ ಹತ್ತಿರದ ಗಡಂಗಿಗೆ ಹೋಗಿ, ಅಲ್ಲೇ ಮೂರು ಸಲ ಲೋಟ ತುಂಬಿಸಿ, ಬಾಗಿಲ ಈಚೆಗೊಮ್ಮೆ ಬಂದು ಮತ್ತೆ ಒಳಗೆ ಹೋಗುವುದು.

"ನಿನಗೆ ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೋ?" ಎಂದ ನೇರಿಯೊ. "ಒಂದೊಂದು ಸೇತುವೆಗೂ ನಿಂತು ಉಸಿರು ತಗೋತೀಯ. ಅವಳು ನೋಡದೆ ಇರ್ತಾಳಾ?"

"ಸೇತುವೆ ನೆತ್ತಿ ಮೇಲೆ ನಿಂತ್ರೆ ಯಾರಾದ್ರೂ ನಿಂತ ಅಂತಾರಾ?" ಎಂದಳು ಬ್ರೂನ.

ಇಬ್ಬರೂ ಅವಳ ಮುಖ ನೋಡಿದರು. ಮಾತು ನಿಜ. ಈ ಊರಿನಲ್ಲಿ ಪರಿಚಯದವರು ಸೇತುವೆಯ ಮೇಲೆ ಎದುರಾದರೆ, ನೆತ್ತಿಯಲ್ಲಿ ನಿಂತು, ಕಟ್ಟೆಗೆ ಒರಗಿ ಮಾತಾಡಲೇಬೇಕು. ತಲೆಯಾಡಿಸಿ ಹೋದವನ ಬಗ್ಗೆ, ಏನೋ ಸಿಟ್ಟಿದೆ ಎಂದು ವಾರಗಟ್ಟಲೆ ಮಾತು ನಡೆಯುತ್ತದೆ. ಒಂದು ಕೈಯಲ್ಲಿ ಬೆಂಕಿ ಹಿಡಿದು ಓಡುತ್ತಿದ್ದರೂ ನಿಂತು, ಮನೆಯವರೆಲ್ಲ ಕ್ಷೇಮವೇ ಎಂದು ಕೇಳಿಯೇ ಮುಂದೆ ಓಡಬೇಕು. ಅದನ್ನು ವಿಶ್ರಾಂತಿ ಎಂದು ಯಾರೂ ಕರೆಯುವುದಿಲ್ಲ, ಮರ್ಯಾದೆ ಎನ್ನುತ್ತಾರೆ.

"ಒಂದೊಂದು ಸೇತುವೆಗೆ ಒಬ್ಬೊಬ್ಬರು," ಎಂದಳು ಬ್ರೂನ. "ಅಕಸ್ಮಾತ್ ಸಿಕ್ಕ ಹಾಗೆ. ಇವನು ಮಾತಾಡ್ತಾ ಕಟ್ಟೆಗೆ ಒರಗಲಿ. ನಾನು ನಾಲ್ಕು ಜನಕ್ಕೆ ಹೇಳ್ತೀನಿ. ಕೊನೇ ಸೇತುವೆಗೆ ನೇರಿಯೊ, ನಿನ್ನ ಭಾಮೈದ ಮೋಮಿ."

"ದೊಡ್ಡ ಕಾಲುವೆ?" ಎಂದ ನೇರಿಯೊ. "ರಿಯಾಲ್ತೊ ಸೇತುವೆ ಹತ್ತೋ ಹೊತ್ತಿಗೆ ಇವನ ಕಥೆ ಮುಗಿಯುತ್ತೆ."

"ಅದಕ್ಕೆ ದಾಟುದೋಣಿ ಇದೆ. ಮೊದಲೂ ಎಷ್ಟೋ ಸಲ ಅದರಲ್ಲೇ ಹೋಗಿಲ್ವಾ?"

ಮಗಳ ಕಣ್ಣಿಗೆ ಮಣ್ಣೆರಚುವುದು ಗಿಲ್ದೊನಿಗೆ ಸರಿಬೀಳಲಿಲ್ಲ, ಮೆಸ್ತ್ರೆ ಅದಕ್ಕಿಂತಲೂ ಸರಿಬೀಳಲಿಲ್ಲ.

ಶನಿವಾರ ಬಿಸಿಲಿತ್ತು. ಗಿಲ್ದೊ ಮುಲಾಮು ಹಚ್ಚಿರಲಿಲ್ಲ, ಅರ್ಮಿದ ಹೊಲಿದಿದ್ದ ಕೋಟು ಹಾಕಿದ್ದ. ಮೊದಲ ಗಡಂಗಿನಲ್ಲಿ ಮೊದಲ ನೆರಳು ಕುಡಿದರು. ಇವಾನಳೂ ಕುಡಿದಳು. ಎಷ್ಟೆಂದರೂ ಇದೇ ನೀರಿನ ಮೇಲೆ ಹುಟ್ಟಿದವಳು. ಬೂತಾಯಿ ತುಂಡನ್ನು ಎರಡು ಬೆರಳಲ್ಲಿ ಎತ್ತಿ, ತಲೆ ಹಿಂದಕ್ಕೆ ಹಾಕಿ ಬಾಯಿಗೆ ಬಿಟ್ಟುಕೊಂಡಳು. ನೇರಿಯೊ ಮೆಚ್ಚಿ ನೋಡಿದ.

ಮೊದಲ ಸೇತುವೆಯ ನೆತ್ತಿಯಲ್ಲಿ ಬೇಕರಿಯ ಎನ್ನಿಯೊ ನಿಂತಿದ್ದ. ಕೈಯಲ್ಲಿ ಏನೂ ಇರಲಿಲ್ಲ, ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ಅರೆ ಗಿಲ್ದೊ! ನೀನಿಲ್ಲಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ.

"ಇನ್ನೆಲ್ಲಿ ಇರ್ಬೇಕಿತ್ತು?" ಎಂದ ಗಿಲ್ದೊ, ಕಟ್ಟೆಗೆ ಒರಗುತ್ತ.

ಎನ್ನಿಯೊನಿಗೆ ಮುಂದಿನ ಮಾತು ಹೇಳಿಕೊಟ್ಟಿರಲಿಲ್ಲ. ಪಾಪ, ಅವನು ಹವೆ ಚೆನ್ನಾಗಿದೆ ಎಂದ. ಗಿಲ್ದೊ ಹೌದೆಂದ. ನಿನ್ನೆಯೂ ಚೆನ್ನಾಗಿತ್ತು ಎಂದ. ಅದೂ ಹೌದೆಂದ. ಹಾಗೇ ಹಿಂದಕ್ಕೆ ಹೋಗುತ್ತ ಹೋಗುತ್ತ ಕ್ರಿಸ್‌ಮಸ್‌ನ ಹವೆಗೆ ಮುಟ್ಟುವಷ್ಟರಲ್ಲಿ ಮೊಣಕಾಲು ತಹಬಂದಿಗೆ ಬಂತು. ಇವಾನ ಪಕ್ಕದಲ್ಲಿ ನಿಂತು, ಕಾಲುವೆಯಲ್ಲಿ ತರಕಾರಿ ದೋಣಿ ಹೋಗುವುದನ್ನು ನೋಡುತ್ತಿದ್ದಳು.

ಎರಡನೆಯ ಸೇತುವೆಯ ಮೇಲೆ ಪಾದ್ರಿ ಸಿಕ್ಕರು. ಇವರಿಗೆ ಮಾತಿನ ಬರ ಇರಲಿಲ್ಲ. ಗಿಲ್ದೊ ಚರ್ಚಿಗೆ ಬಾರದೆ ಎಷ್ಟು ಕಾಲವಾಯಿತೆಂಬಲ್ಲಿಂದ ಹಿಡಿದು, ಕಾಲು ಹೇಗಿದೆ ಎಂದು ಕೇಳುವವರೆಗೆ ಬಂದುಬಿಟ್ಟರು. ಬ್ರೂನ ಜೋರಾಗಿ ಕೆಮ್ಮಿದಳು. ಪಾದ್ರಿಯವರು ಕಾಲನ್ನು ಬಿಟ್ಟು ಆತ್ಮ ಹೇಗಿದೆ ಎಂದು ಕೇಳಿದರು. ಪರವಾಗಿಲ್ಲ ಎಂದ ಗಿಲ್ದೊ.

ತಪ್ಪಾದದ್ದು ಮೂರನೆಯದರಲ್ಲಿ. ಬ್ರೂನ ಹೇಳಿದ್ದು ಒಬ್ಬಳಿಗೇ. ಆದರೆ ಬ್ರೂನಳ ಗುಟ್ಟು ಎಂಥದೆಂದು ಆಗಲೇ ಹೇಳಿದೆ. ಗಿಲ್ದೊನನ್ನು ಮೆಸ್ತ್ರೆಗೆ ಹೊತ್ತೊಯ್ಯುತ್ತಿದ್ದಾರಂತೆ, ಸೇತುವೆ ಮೇಲೆ ಮಾತಾಡಿಸಿ ಉಳಿಸಬೇಕಂತೆ ಎಂದು ಸುದ್ದಿ ಓಣಿಯಿಂದ ಓಣಿಗೆ ಹಬ್ಬಿ, ಆ ಸೇತುವೆಯ ಮೆಟ್ಟಿಲ ಮೇಲೆ ಜನ ಸಾಲುಗಟ್ಟಿ ನಿಂತಿದ್ದರು. ಯಾರದೋ ಮನೆಗೆ ಗಿಲ್ದೊ ಒಲೆ ಎಳೆದಿದ್ದ, ಯಾರದೋ ತಾಯಿಯ ಬೀರು ಎಳೆದಿದ್ದ. ಒಬ್ಬೊಬ್ಬರೂ ಕೈ ಕುಲುಕಿ, ಅಕಸ್ಮಾತ್ ಸಿಕ್ಕಿದೆಯಲ್ಲ ಎಂದು ಸಂತೋಷಪಟ್ಟು, ಮುಂದಿನವರಿಗೆ ಜಾಗ ಬಿಟ್ಟರು. ಸಾಲಿನ ನಡುವೆ ಒಬ್ಬ ಬೋಳುತಲೆಯವನು ಗಿಲ್ದೊನನ್ನೇ ತಡೆದು ಕೇಳಿದ:

"ಸ್ವಾಮಿ, ಇಲ್ಲಿ ಗಿಲ್ದೊ ಅಂದ್ರೆ ಯಾರು? ಅವನನ್ನ ಮಾತಾಡಿಸ್ಬೇಕಂತೆ."

"ನಾನೇ."

"ಓ, ಸರಿ ಸರಿ. ಚೆನ್ನಾಗಿದೀರಾ?"

ನೇರಿಯೊ ಆಕಾಶ ನೋಡಿದ. ಅವನ ಮಫ್ಲರಿನಲ್ಲಿ ಬಿಚ್ಚಲಾರದಂಥ ಗಂಟು ಬಿದ್ದಿತ್ತು.

"ಅಪ್ಪನಿಗೆ ಪರಿಚಯದವರು ಜಾಸ್ತಿ," ಎಂದಳು ಇವಾನ.

"ಮೊದಲಿಂದಾನೂ," ಎಂದ ನೇರಿಯೊ.

ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಅಮ್ಮನಾಗಿದ್ದರೆ ಅಷ್ಟು ಹೊತ್ತಿಗೆ ಎಲ್ಲರನ್ನೂ ಹೆಸರು ಹಿಡಿದು ಬೈದಿರುತ್ತಿದ್ದಳು. ಇವಳು ಸುಮ್ಮನಿರುವುದನ್ನು ಕಂಡೇ ಗಿಲ್ದೊನಿಗೆ ದಿಗಿಲಾಯಿತು. ಇನ್ನೊಂದು ಗಡಂಗಿನಲ್ಲಿ ಇನ್ನೊಂದು ನೆರಳು ಇಳಿಸಿ, ಮತ್ತೊಂದು ಸೇತುವೆಯಲ್ಲಿ ನಾಯಿ ಹಿಡಿದು ನಿಂತಿದ್ದ ವಿಧವೆಯೊಬ್ಬಳ ಹತ್ತಿರ ನಾಯಿಯ ಹೊಟ್ಟೆನೋವಿನ ಬಗ್ಗೆ ವಿಚಾರಿಸಿ, ದಾಟುದೋಣಿಯ ಕಟ್ಟೆಗೆ ಬಂದರು.

ದೋಣಿಯಲ್ಲಿ ಊರಿನವರು ನಿಂತೇ ದಾಟುತ್ತಾರೆ. ಕೂತರೆ ಯಾರೂ ದಂಡ ಹಾಕುವುದಿಲ್ಲ, ಆದರೂ ಕೂರುವುದಿಲ್ಲ. ಇವತ್ತು ಕೂರುವುದಕ್ಕೆ ಬೇರೆ ಅರ್ಥವೂ ಇತ್ತು. ದೋಣಿ ಅಲುಗಿದಾಗಲೆಲ್ಲ ಗಿಲ್ದೊನ ಮೊಣಕಾಲಿನಲ್ಲಿ ಮೊಳೆ ಹೊಡೆದಂತಾಗುತ್ತಿತ್ತು. ನೇರಿಯೊ ಅವನ ಹಿಂದೆ ನಿಂತು ಕೋಟಿನ ಬೆಲ್ಟನ್ನು ಮುಷ್ಟಿಗೆ ಸುತ್ತಿಕೊಂಡು, ಒಂದು ಕಾಲದಲ್ಲಿ ನೀರಬಸ್ಸನ್ನು ಹಿಡಿದಂತೆ ಹಿಡಿದಿದ್ದ. ದಡ ಸೇರಿದ ಮೇಲೆ ಬಿಡುವುದನ್ನು ಮರೆತು ಹತ್ತು ಮಾರು ಹಾಗೇ ನಡೆದ.

ಮೀನುಮಾರುಕಟ್ಟೆ ದಾಟಿದರು. ಉಳಿದದ್ದು ಒಂದೇ ಸೇತುವೆ, ಕಸಾಯಿಗಳ ಸೇತುವೆ. ಅದರಾಚೆಗೆ ಕೊನೆಯ ಗಡಂಗು. ಬ್ರೂನ, ನೇರಿಯೊ ಮುಂದೆ ಹೋಗಿ ಹತ್ತಿದರು. ನೆತ್ತಿಯಲ್ಲಿ ಮೋಮಿ ಇರಲಿಲ್ಲ. ಮೋಮಿಯನ್ನು ಬೈದು ಫಲವಿಲ್ಲ. ಅವನು ಬೆಳಗ್ಗೆಯೇ ಹೊರಟಿದ್ದ. ಆದರೆ ಊರಿನ ಆ ಕೊನೆಯಿಂದ ಬರುವ ದಾರಿಯ ಪ್ರತಿ ಸೇತುವೆಯಲ್ಲೂ ಅವನಿಗೆ ಪರಿಚಯದವರು ಎದುರಾಗಿದ್ದರು, ಪ್ರತಿಯೊಬ್ಬರ ಹತ್ತಿರವೂ ಅವನು ನಿಂತಿದ್ದ. ಈ ಹೊತ್ತಿನಲ್ಲಿ ಅವನು ಇನ್ನೂ ಅರ್ಧ ದಾರಿಯಲ್ಲಿ, ಕಟ್ಟೆಗೊರಗಿ, ಯಾರದೋ ಅಳಿಯನ ಆಪರೇಷನ್ ವಿಷಯ ಕೇಳುತ್ತಿದ್ದ. ಹೇಗೆ ಬಿಟ್ಟು ಬಂದಾನು? ನೇರಿಯೊ ಹಲ್ಲು ಕಡಿಯುತ್ತ ಆಚೆ ಇಳಿದು ಅವನನ್ನು ಹುಡುಕಲು ಓಡಿದ, ಬ್ರೂನ ಗಡಂಗಿನೊಳಗೆ ನೋಡಲು ಓಡಿದಳು.

ಗಿಲ್ದೊ ಕೈಕಂಬಿ ಹಿಡಿದು ನೆತ್ತಿಯವರೆಗೆ ಬಂದ. ಅಲ್ಲಿಗೆ ಬಲಗಾಲು ಕೈಕೊಟ್ಟಿತು. ಮುಂದೆ ಇಳಿಯುವ ಮೆಟ್ಟಿಲುಗಳು, ಅದರ ಕೊನೆಯಲ್ಲಿ ಗಡಂಗಿನ ಬಾಗಿಲು. ಬಾಗಿಲ ಮೇಲಿನ ಹಸಿರು ಬಣ್ಣ ಎದ್ದದ್ದು ಕೂಡ ಕಾಣುತ್ತಿತ್ತು. ಕಾಲು ಅಲ್ಲಾಡಲಿಲ್ಲ. ದೋಣಿ ನೋಡುವವನಂತೆ ಕಾಲುವೆಯ ಕಡೆ ತಿರುಗಿ ನಿಂತ. ದೋಣಿ ಇರಲಿಲ್ಲ. ಸೇತುವೆ ಮೇಲೆ ಒಬ್ಬನೇ ನಿಂತವನು ನಿಂತವನೇ. ಅದಕ್ಕೆ ಬೇರೆ ಹೆಸರಿಲ್ಲ. ಹಿಂದಿನಿಂದ ಮಗಳ ಹೆಜ್ಜೆ ಹತ್ತಿರ ಬಂತು. ಇನ್ನೇನು, ಅಪ್ಪ ಸಾಕು ಬಿಡು ಎನ್ನುತ್ತಾಳೆ ಎಂದು ಅವನು ಕಣ್ಣು ಮುಚ್ಚಿಕೊಂಡ.

ಇವಾನ ಅವನನ್ನು ದಾಟಿ ಎರಡು ಹೆಜ್ಜೆ ಮುಂದೆ ಹೋದಳು. ಅಲ್ಲಿಂದ ತಿರುಗಿ, ಎದುರು ದಿಕ್ಕಿನಿಂದ ಬರುತ್ತಿರುವವಳಂತೆ ಬಂದು ನಿಂತಳು.

"ಅಯ್ಯೋ, ಗಿಲ್ದೊ ಅವರಲ್ವಾ?" ಎಂದಳು. "ಎಷ್ಟು ದಿನ ಆಯ್ತು ನೋಡಿ!"

ಗಿಲ್ದೊ ಕಣ್ಣು ಬಿಟ್ಟು ಅವಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಅವನು ನಿಧಾನಕ್ಕೆ ಕಟ್ಟೆಗೆ ಒರಗಿಕೊಂಡ.

"ಹೌದು ಕಣ್ರೀ, ತುಂಬಾ ದಿನ ಆಯ್ತು," ಎಂದ. "ಚೆನ್ನಾಗಿದೀರಾ?"

"ಚೆನ್ನಾಗಿದೀನಿ. ಮನೆ ಕಡೆ ಏನ್ ಸಮಾಚಾರ?"

"ಏನ್ ಹೇಳ್ಲಿ. ಮಗಳೊಬ್ಬಳಿದಾಳೆ. ಮೆಸ್ತ್ರೆಗೆ ಬಾ ಅಂತ ಪ್ರಾಣ ತಿಂತಾಳೆ."

"ಈಗಿನ ಮಕ್ಕಳೇ ಹಾಗೆ ಬಿಡಿ."

"ಹಠಮಾರಿ. ಅವರಮ್ಮನ ಥರ."

"ಅಪ್ಪನ ಥರಾನೂ ಇರಬಹುದು."

"ಇಲ್ಲ ಇಲ್ಲ. ಅಪ್ಪ ಪಾಪದವನು."

ಇವಾನಳೂ ಕಟ್ಟೆಗೆ ಒರಗಿದಳು. ಇಬ್ಬರೂ ಕೆಳಗೆ ನೀರು ನೋಡಿದರು. ನೀರಿನಲ್ಲಿ ಎಲೆಕೋಸಿನ ಎಲೆಯೊಂದು ಹೋಗುತ್ತಿತ್ತು.

"ಅವಳಿಗೆ ಭಯ ಇರಬಹುದು ಗಿಲ್ದೊ ಅವರೆ," ಎಂದಳು. "ಜನವರೀಲಿ ನೀವು ಮೆಟ್ಟಿಲ ಮೇಲೆ ಬಿದ್ದಿದ್ರಂತೆ. ಬೆಳಗ್ಗೆಯೆಲ್ಲ ಅಲ್ಲೇ ಇದ್ರಂತೆ. ಆ ಹೊತ್ತಲ್ಲಿ ಅವಳು ಅಂಗಡೀಲಿ ನಗ್ತಾ ನಗ್ತಾ ಯಾರಿಗೋ ಕೆಮ್ಮಿನ ಔಷಧಿ ಕೊಡ್ತಿದ್ಲಂತೆ. ಅದು ನೆನಪಾದ್ರೆ ಊಟ ಸೇರಲ್ವಂತೆ ಅವಳಿಗೆ."

ಗಿಲ್ದೊ ನೀರಿನಿಂದ ಕಣ್ಣೆತ್ತಿದ. "ಯಾರು ಹೇಳಿದ್ರು ನಿಮಗೆ?"

"ಯಾರೋ ಸೇತುವೆ ಮೇಲೆ ಸಿಕ್ಕಿದ್ರು."

ಬ್ರೂನ! ಅವಳನ್ನು ನಂಬಿದವನು ತಾನು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಗಳಿಗೆ ಊಟ ಸೇರುವುದಿಲ್ಲ ಎಂಬ ಮಾತೇ ತಲೆಯಲ್ಲಿ ಸುತ್ತುತ್ತಿತ್ತು.

"ನನಗೂ ಭಯ ಆಗುತ್ತೆ ಕಣ್ರೀ," ಎಂದ. ಹೊರಗಿನವರ ಮುಂದೆ ಹೇಳಲು ಏನು ಅಡ್ಡಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. "ಬೆಳಗ್ಗೆ ಮನೆ ಮೆಟ್ಟಿಲು ಹೇಗೆ ಇಳೀತೀನಿ ಗೊತ್ತಾ? ಕೂತ್ಕೊಂಡು, ಒಂದೊಂದೇ ಮೆಟ್ಟಿಲು ಜಾರ್ಕೊಂಡು, ಮಗು ಥರ. ಅದನ್ನಾದ್ರೂ ಸಹಿಸ್ಕೋಬಹುದು. ಅಲ್ಲಿಗೆ ಹೋದ್ರೆ ನಾನು ಯಾರು? ಬೀದಿಗೆ ಬಂದ್ರೆ, ಏನ್ ಗಿಲ್ದೊ ಅನ್ನೋಕೆ ಒಂದು ನಾಯೀನೂ ಇಲ್ಲ. ಸಾಯೋಕೆ ಮೊದಲೇ ಹೂತಿಟ್ಟ ಹಾಗೆ."

"ಮಗಳಿರ್ತಾಳಲ್ಲ."

"ಅವಳಿಗೆ ಕೆಲಸ ಇರುತ್ತೆ, ಪಾಪ."

"ಸಂಜೆ ಬಿಡ್ತಾರಲ್ಲ. ದಾರೀಲಿ ಸಿಕ್ರೆ ಅವಳೂ ಮಾತಾಡಿಸ್ತಾಳೆ." ಇವಾನ ಮೂಗು ಒರೆಸಿಕೊಂಡಳು. "ಇಲ್ಲಿ ಸೇತುವೆ ಮೇಲೆ ಗಾಳಿ ಜಾಸ್ತಿ."

"ಹೌದು, ಜಾಸ್ತಿ. ಇದನ್ನೆಲ್ಲ ಅವಳಿಗೆ ಹೇಳೋಕೆ ಹೋಗ್ಬೇಡಿ."

"ಅಯ್ಯೋ, ನಾನ್ಯಾಕೆ ಹೇಳ್ಲಿ. ಬರ್ತೀನಿ ಹಾಗಾದ್ರೆ. ಕಾಲು ನೋಡ್ಕೊಳ್ಳಿ."

ಅವಳು ಅವನ ಪಕ್ಕದಿಂದ ಹಾದು, ತಾವು ಬಂದ ಕಡೆಗೇ ಮೆಟ್ಟಿಲಿಳಿದು ಹೋದಳು. ಕೆಳಗೆ ಮುಟ್ಟಿ, ಕೋಟು ಸರಿಮಾಡಿಕೊಂಡು, ಮತ್ತೆ ಹತ್ತಿ ಬಂದಳು.

"ಬಾ ಅಪ್ಪ, ಹೊತ್ತಾಯ್ತು. ಯಾರ ಹತ್ರ ಇಷ್ಟೊತ್ತು ಮಾತಾಡ್ತಿದ್ದೆ?"

"ಯಾರೋ ಪರಿಚಯದವರು."

"ಏನಂತೆ?"

"ಅದೇ, ಮಕ್ಕಳ ಸುದ್ದಿ."

ಇಳಿಯುವಾಗ ಅವಳ ಹೆಗಲ ಮೇಲೆ ಅವನ ಕೈಯಿತ್ತು. ಯಾರು ಇಟ್ಟದ್ದೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಗಡಂಗಿನಲ್ಲಿ ಬ್ರೂನ, ನೇರಿಯೊ ಬಾಗಿಲನ್ನೇ ನೋಡುತ್ತ, ತಿಥಿಮನೆಯಲ್ಲಿ ಕಾದವರಂತೆ ನಿಂತಿದ್ದರು. ಗಿಲ್ದೊ ಒಳಗೆ ಬಂದು, ಲೋಟ ಇಡುವ ಕಟ್ಟೆಗೆ ಎದೆಯೊತ್ತಿ, ಒಂದು ನೆರಳು ಎಂದ.

"ಸರಿ," ಎಂದಳು ಇವಾನ, ಎಲ್ಲರಿಗೂ ಕೇಳುವಂತೆ. "ಪೂರ್ತಿ ಸುತ್ತು ಬಂದ. ಕೂರಲಿಲ್ಲ, ಸುಸ್ತು ಅಂತ ನಿಲ್ಲಲೂ ಇಲ್ಲ. ನಾನು ಸೋತೆ. ಇನ್ನು ಆ ಊರಿನ ಹೆಸರು ಎತ್ತಲ್ಲ."

ನೇರಿಯೊ ಕೂಗು ಹಾಕಿ ಕಟ್ಟೆ ಗುದ್ದಿದ. ಬ್ರೂನ ಅವನ ಕಿವಿಯಲ್ಲಿ, ಎಂದರೆ ಗಡಂಗಿಗೆಲ್ಲ ಕೇಳುವಂತೆ, "ಪೆದ್ದಿ, ಒಂದಿಷ್ಟೂ ಗೊತ್ತಾಗಲಿಲ್ಲ ಅವಳಿಗೆ," ಎಂದಳು. ಇವಾನ ಕೋಳಿಮೊಟ್ಟೆಯ ಅರ್ಧ ಹೋಳನ್ನು ಬಾಯಿಗಿಟ್ಟುಕೊಂಡು ಗೋಡೆ ನೋಡಿದಳು.

ಗಿಲ್ದೊ ಲೋಟ ಖಾಲಿ ಮಾಡಿ ಕೆಳಗಿಟ್ಟ.

"ಆ ಮನೆ ನೋಡೋಕೆ ಯಾವಾಗ ಹೋಗೋಣ?" ಎಂದ.

"ಯಾವ ಮನೆ?" ಎಂದ ನೇರಿಯೊ.

"ಲಿಫ್ಟಿರೋದು."

"ತಲೆ ಕೆಟ್ಟಿದ್ಯೇನೋ? ಗೆದ್ದೆಯಲ್ಲೋ ನೀನು!"

"ಗೆದ್ದೆ," ಎಂದ ಗಿಲ್ದೊ. "ಅದಕ್ಕೇ ಹೋಗ್ತೀನಿ. ಸೋತಿದ್ರೆ ಯಾರ ಅಪ್ಪನ ಕೈಲೂ ನನ್ನನ್ನ ಕರ್ಕೊಂಡ್ ಹೋಗೋಕಾಗ್ತಿರಲಿಲ್ಲ."

ಇವಾನ ಮೊಟ್ಟೆ ನುಂಗಲಾರದೆ ಬಾಯಲ್ಲೇ ಇಟ್ಟುಕೊಂಡಿದ್ದಳು, ಕಣ್ಣು ತುಂಬಿತ್ತು. ಬ್ರೂನ ಈರುಳ್ಳಿಯನ್ನು ಬೈಯುತ್ತ ಕಣ್ಣೊರೆಸಿಕೊಂಡಳು. ಅವಳ ಮುಂದೆ ಈರುಳ್ಳಿ ಇರಲಿಲ್ಲ.

ನೇರಿಯೊ ಮಫ್ಲರಿನ ಗಂಟನ್ನು ಜಗ್ಗುತ್ತ ಕೇಳಿದ: "ಅಲ್ಲ ಇವಾನ, ಅಲ್ಲಿ ಸೇತುವೆಗಳಿಲ್ಲವಲ್ಲ. ಜನ ನಿಂತು ಮಾತಾಡೋದೆಲ್ಲಿ?"

ಇವಾನ ಯೋಚಿಸಿದಳು. "ಸಿಗ್ನಲ್ಲಲ್ಲಿ ಮಾಮ. ಕೆಂಪು ದೀಪ ಬಂದ್ರೆ ಎಲ್ರೂ ನಿಲ್ಲಲೇಬೇಕು."

"ಎಷ್ಟೊತ್ತು ಇರುತ್ತೆ ಕೆಂಪು?"

"ಎರಡು ಮಾತಾಡೋವಷ್ಟು."

"ಸಾಲಲ್ಲ," ಎಂದ ಗಿಲ್ದೊ.

"ಹಸಿರು ಬಂದ್ರೆ ಹೋಗಲೇಬೇಕು ಅಂತ ಕಾನೂನಿದ್ಯಾ?" ಎಂದಳು ಬ್ರೂನ, ಮೂಗು ಸೀಟಿ. "ಯಾವ ಸಿಗ್ನಲ್ಲು ಅಂತ ಸರಿಯಾಗಿ ಹೇಳು. ಶನಿವಾರ ನಾನು ಬಂದು ಅಲ್ಲಿ ನಿಂತಿರ್ತೀನಿ."